ಬೊಕ್ಕಸ ಕಟ್ಟಿದ ಸಾಲಾರಜಂಗರು

ತಾನು ತೆತ್ತ ಕರದ ಹಣವು ಎಲ್ಲಿಗೆ ಹೋಯಿತೆಂದು ಕೇಳುವ ಅಧಿಕಾರವು ನಮ್ಮ ಭಾಗದ ಪ್ರಜೆಗೆ ಪ್ರಾಪ್ತವಾಗಿ ಬಹಳ ಕಾಲವಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಜನರು ಸಾರ್ವತ್ರಿಕ ಮತದಾನವನ್ನು ಮೊಟ್ಟಮೊದಲು ಕಂಡದ್ದು 1952ರಲ್ಲಿ. ಅದಕ್ಕೆ ಸುಮಾರು ಒಂದು ಶತಮಾನದ ಹಿಂದೆ, 1853ರಲ್ಲಿ, ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಒಬ್ಬ ತರುಣನು ಹೈದರಾಬಾದ ಸಂಸ್ಥಾನದ ದಿವಾನಗಿರಿಯನ್ನು ವಹಿಸಿಕೊಂಡನು. ಮೀರ ತುರಾಬ ಅಲಿಖಾನ ಎಂಬದು ಅವನ ಹೆಸರು; ಸಾಲಾರಜಂಗ ಎಂಬದು ಅವನನ್ನು ಲೋಕಕ್ಕೆ ಪರಿಚಯಿಸಿದ ಬಿರುದು. ಪ್ರಜೆಯ ಕರವು ಮಧ್ಯಸ್ಥನ ಮನೆಗೆ ಹೋಗದೆ ಸರಕಾರದ ಬೊಕ್ಕಸಕ್ಕೆ ಬರಬೇಕೆಂದೂ ಬೊಕ್ಕಸದಿಂದ ಪ್ರಜೆಯ ಕೆಲಸಕ್ಕೆ ಮರಳಬೇಕೆಂದೂ ಆ ಸಂಸ್ಥಾನದಲ್ಲಿ ಮೊದಲು ಪಟ್ಟು ಹಿಡಿದವರು ಅವರೇ. ಆದರೆ ಅದೇ ಸಾಲಾರಜಂಗರ ಮನೆತನದ ಜಾಗೀರಾಗಿ ಕೊಪ್ಪಳ ಯಲಬುರ್ಗಾ ಸೀಮೆಗಳು ಆ ಬೊಕ್ಕಸದ ಹೊರಗೆ ಉಳಿದವು. ಅವರ ಚರಿತ್ರೆಯು ಹೈದರಾಬಾದಿನವರಿಗಿಂತ ನಮಗೆ ಹೆಚ್ಚು ಹತ್ತಿರದ್ದೆಂದು ನಾವು ಹೇಳುವದು ಈ ಕಾರಣದಿಂದಲೇ.

ಸಾಲಾರಜಂಗರು 1829ರಲ್ಲಿ ಜನಿಸಿದರು. ಅವರ ಪೂರ್ವಜರು ಮೊದಲು ವಿಜಾಪುರದ ಆದಿಲಶಾಹಿಯಲ್ಲಿಯೂ, ತರುವಾಯ ದಿಲ್ಲಿಯ ಬಾದಶಹರಲ್ಲಿಯೂ, ಕಡೆಗೆ ನಿಜಾಮರಲ್ಲಿಯೂ ಸೇವೆ ಮಾಡಿದವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಪಿತೃವ್ಯನಾದ ಸಿರಾಜುಲ್ ಮುಲ್ಕರ ಆಶ್ರಯದಲ್ಲಿ ಬೆಳೆದನು. ಇಪ್ಪತ್ತು ತುಂಬುವ ಮೊದಲೇ ಅವರಿಗೆ ತೆಲಂಗಾಣದ ಖಮ್ಮಂ ಸೀಮೆಯ ತಾಲೂಕದಾರಿಕೆಯು ಕೆಲವು ತಿಂಗಳ ಮಟ್ಟಿಗೆ ದೊರೆಯಿತು. ಆ ಮೇಲೆ ಮನೆತನದ ಜಾಗೀರುಗಳ ಉಸ್ತುವಾರಿಯು ಕೈಗೆ ಬಂದಿತು. ಹೊಲದ ರೈತನಿಂದ ಹೊರಟ ರೂಪಾಯಿಯು ರಾಜಧಾನಿಯನ್ನು ಮುಟ್ಟುವಷ್ಟರಲ್ಲಿ ಎಷ್ಟು ಕೈಗಳಲ್ಲಿ ಸವೆಯುವದೆಂಬ ಪಾಠವನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ.

ಆ ಕಾಲದ ವಸೂಲಿಯ ಕ್ರಮವನ್ನು ಇಂದಿನ ವಾಚಕರು ಊಹಿಸುವದೂ ಕಷ್ಟ. ಸೀಮೆಸೀಮೆಯ ಕಂದಾಯವನ್ನು ಇಜಾರೆಗೆ ಕೊಡುತ್ತಿದ್ದರು. ಹೆಚ್ಚು ಹಣವನ್ನು ಮುಂಗಡವಾಗಿ ಸುರಿದವನು ತಾಲೂಕದಾರನಾಗುತ್ತಿದ್ದನು. ಅವನಿಗಿಂತ ಹೆಚ್ಚು ಕೊಡುವವನು ಬಂದರೆ ಸುಗ್ಗಿಗೆ ಮೊದಲೇ ಅವನನ್ನು ಕಿತ್ತು ಹೊಸಬನನ್ನು ಕೂಡಿಸುತ್ತಿದ್ದರು. ನಾಳೆ ತಾನು ಇರುವೆನೋ ಇಲ್ಲವೋ ಎಂದು ಅರಿಯದವನು ಇಂದೇ ಹಿಂಡಿಕೊಳ್ಳದೆ ಬಿಡುವನೇ? ಸೈನ್ಯದ ಸಂಬಳಕ್ಕಾಗಿ ಕೆಲವು ಸೀಮೆಗಳು ಅರಬ ಮತ್ತು ರೋಹಿಲಾ ಜಮಾದಾರರ ಕೈಯಲ್ಲಿ ಒತ್ತೆಯಾಗಿದ್ದವು. ಸಾಲಕ್ಕಾಗಿ ಕೆಲವು ಸಾಹುಕಾರರ ಕೈಯಲ್ಲಿದ್ದವು. ಕೆರೆಯ ಏರಿ ಒಡೆದರೆ ಕಟ್ಟುವವರಾರು? ರಸ್ತೆಯಲ್ಲಿ ದರೋಡೆಯಾದರೆ ಹಿಡಿಯುವವರಾರು? ಇಜಾರದಾರನ ಕರಾರಿನಲ್ಲಿ ಈ ಕೆಲಸಗಳಿರಲಿಲ್ಲ. ಸರಕಾರದ ಬೊಕ್ಕಸದಲ್ಲಿ ಹಣವಿರಲಿಲ್ಲ. ರೈತನು ಮಾತ್ರ ಪೂರ್ತಿ ಕಂದಾಯವನ್ನು ತೆತ್ತಿರುತ್ತಿದ್ದನು.

ಈ ದಿವಾಳಿತನದ ಫಲವನ್ನು 1853ರ ಮೇ ತಿಂಗಳು ತೋರಿಸಿತು. ಹೈದರಾಬಾದ ಕಂಟಿಂಜಂಟ್ ಎಂಬ ಸೈನ್ಯದ ಬಾಕಿಯ ನೆಪದಿಂದ ಕಂಪನಿ ಸರಕಾರವು ವರ್ಹಾಡ ಪ್ರಾಂತವನ್ನೂ, ಧಾರಾಶಿವ ಸೀಮೆಯನ್ನೂ, ನಮ್ಮ ಗಂಗಾವತಿ ಕುಷ್ಟಗಿಗಳು ಸೇರಿದ ರಾಯಚೂರ ದೋಆಬವನ್ನೂ ತನ್ನ ವಶಕ್ಕೆ ಬರೆಯಿಸಿಕೊಂಡಿತು. ಆ ಕರಾರಿಗೆ ಒಪ್ಪಬೇಕಾಗಿ ಬಂದ ದಿವಾನ ಸಿರಾಜುಲ್ ಮುಲ್ಕರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬರಿದಾದ ಬೊಕ್ಕಸವೂ ಹರಿದ ರಾಜ್ಯವೂ ಅಣ್ಣನ ಮಗನ ಪಾಲಿಗೆ ಬಂದವು. ಬೊಕ್ಕಸವಿಲ್ಲದ ರಾಜ್ಯಕ್ಕೆ ಸ್ವಾತಂತ್ರ್ಯವೂ ಇಲ್ಲವೆಂಬದನ್ನು ತರುಣ ದಿವಾನರು ಅಧಿಕಾರದ ಮೊದಲ ದಿನವೇ ಕಂಡುಕೊಂಡರು. ವರ್ಹಾಡವನ್ನು ಮರಳಿ ಪಡೆಯಬೇಕೆಂಬ ಹಂಬಲವು ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಅವರು ಕೈಕೊಂಡ ಕೆಲಸವು ಸದ್ದಿಲ್ಲದ್ದು, ಆದರೆ ಬೇರಿಗೆ ತಾಗುವಂಥದು. ಇಜಾರದಾರರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ, ಆ ಸ್ಥಳದಲ್ಲಿ ಸರಕಾರಿ ಸಂಬಳದ ನೌಕರರನ್ನು ನೇಮಿಸಿದರು. ಅರಬ ಜಮಾದಾರರನ್ನು ಶಿಸ್ತಿಗೆ ತಂದು, ಒತ್ತೆ ಬಿದ್ದ ಸೀಮೆಗಳನ್ನು ಬಿಡಿಸಿಕೊಳ್ಳುತ್ತ ಬಂದರು. ಊರೂರಿಗೆ ಬೇರೆಬೇರೆಯಾಗಿ ಚಲಾವಣೆಯಾಗುತ್ತಿದ್ದ ನಾಣ್ಯಗಳ ಸ್ಥಾನದಲ್ಲಿ ಹಾಲಿಸಿಕ್ಕಾ ರೂಪಾಯಿಯನ್ನು ನೆಲೆಗೊಳಿಸಿದರು. ನಾಣ್ಯವೇ ಹತ್ತು ಬಗೆಯದಾಗಿದ್ದರೆ ಲೆಕ್ಕವು ಒಂದಾಗುವದು ಹೇಗೆ? 1864ರಲ್ಲಿ ಕಂದಾಯದ ಮೇಲ್ವಿಚಾರಣೆಗಾಗಿ ಒಂದು ಮಂಡಲವನ್ನು ಸ್ಥಾಪಿಸಿದರು. 1865ರಿಂದ ಜಿಲ್ಲಾಬಂದಿ ಎಂಬ ಹೊಸ ವ್ಯವಸ್ಥೆಯು ಆರಂಭವಾಯಿತು. ಸಂಸ್ಥಾನವು ಕ್ರಮೇಣ ಐದು ಸುಭೆಗಳಾಗಿಯೂ ಹದಿನೇಳು ಜಿಲ್ಲೆಗಳಾಗಿಯೂ ವಿಭಾಗವಾಗಿ, ಸುಭೇದಾರ, ತಾಲೂಕದಾರ, ತಹಶೀಲದಾರರ ಶ್ರೇಣಿಯು ಏರ್ಪಟ್ಟಿತು. ಸಂಬಳವುಳ್ಳ ತಹಶೀಲದಾರ, ಬರೆದಿಟ್ಟ ಲೆಕ್ಕ, ಬೊಕ್ಕಸಕ್ಕೆ ನೇರವಾಗಿ ಬರುವ ಜಮೆ, ಇವು ಇಂದಿನವರಿಗೆ ಸಾಮಾನ್ಯ ಸಂಗತಿಗಳೆನಿಸಬಹುದು. ಆಗ ಅವು ದೊಡ್ಡ ದೊಡ್ಡವರ ಹೊಟ್ಟೆಯ ಮೇಲೆ ಬಿದ್ದ ಪೆಟ್ಟುಗಳಾಗಿದ್ದವು. ದಿವಾನರ ಪ್ರಾಣಕ್ಕೆ 1859ರಲ್ಲಿ ಒಮ್ಮೆ, 1868ರಲ್ಲಿ ಮತ್ತೊಮ್ಮೆ ಅಪಾಯ ಒದಗಿ ತಪ್ಪಿತು.

ಬೊಕ್ಕಸ ತುಂಬಿದಂತೆ ಪ್ರಜೆಯ ಕೆಲಸಗಳೂ ತಲೆಯೆತ್ತಿದವು. ನ್ಯಾಯಾಲಯಗಳು ಏರ್ಪಟ್ಟವು, ಪೋಲೀಸು ಪಡೆಯು ನಿಂತಿತು, ಕೆರೆ ಕಾಲುವೆಗಳ ದುರಸ್ತಿಯಾಯಿತು, ರಾಜಧಾನಿಯಲ್ಲಿ ದಾರುಲ್ ಉಲೂಮ್ ಎಂಬ ವಿದ್ಯಾಲಯವು ಹುಟ್ಟಿತು. ನಮ್ಮ ಕನ್ನಡ ನೆಲದ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಇವೆಲ್ಲವೂ ಒಂದೇ ಮೂಲದಿಂದ ಹರಿದವು. ಮಧ್ಯಸ್ಥನು ಹೋದನು, ಹಣವು ಬಂದಿತು. ಹಣವು ಬಂದಿತು, ಕೆಲಸವು ನಡೆಯಿತು. ಸಾರ್ವಜನಿಕ ಕಾರ್ಯಗಳಿಗೆ ಹಣವಿಲ್ಲವೆಂದು ಕೈಚೆಲ್ಲುವ ಸರಕಾರಗಳೆಲ್ಲವೂ ಈ ಅಧ್ಯಾಯವನ್ನು ಓದಬೇಕು. ಸಾಲಾರಜಂಗರು ಕರದ ಭಾರವನ್ನು ಹೆಚ್ಚಿಸುವದಕ್ಕೆ ಮೊದಲು ಸೋರಿಕೆಯನ್ನು ಮುಚ್ಚಿದರು.

ಇಷ್ಟು ಗುಣವನ್ನು ಎಣಿಸಿದ ನಾವು ದೋಷವನ್ನು ಮುಚ್ಚಿಟ್ಟರೆ ವಾಚಕರಿಗೆ ದ್ರೋಹ ಬಗೆದಂತಾಗುವದು. 1857ರಲ್ಲಿ ದೇಶವು ಎದ್ದಾಗ ಸಾಲಾರಜಂಗರು ಕಂಪನಿಯ ಪಕ್ಷವನ್ನು ಹಿಡಿದರು. ಮರುವರ್ಷ ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ಕೊಪ್ಪಳದ ಕೋಟೆಯನ್ನು ಹಿಡಿದು, ಬ್ರಿಟಿಷರೊಡನೆ ಕಾದಾಡಿ ಅಲ್ಲಿಯೇ ಮಡಿದರು. ಭೀಮರಾಯರ ನೆತ್ತರು ಬಿದ್ದ ಆ ಕೋಟೆಯು ಸಾಲಾರಜಂಗರ ಮನೆತನದ ಜಾಗೀರಿನ ಮುಖ್ಯ ಸ್ಥಳವಾಗಿದ್ದಿತು. ದಿವಾನರ ನಿಷ್ಠೆಗೆ ಪ್ರತಿಫಲವೂ ಬಂದಿತು. 1860ರಲ್ಲಿ ರಾಯಚೂರ ದೋಆಬವೂ ಧಾರಾಶಿವವೂ ಮರಳಿ ನಿಜಾಮರಿಗೆ ಸೇರಿದವು. ಐವತ್ತು ಲಕ್ಷ ರೂಪಾಯಿಗಳ ಸಾಲವು ವಜಾ ಆಯಿತು. ದಂಗೆಯೆದ್ದು ನಾಶವಾದ ಸುರಪುರದ ರಾಜ್ಯವೂ ನಿಜಾಮರ ಪಾಲಾಯಿತು. ಹೀಗೆ ಗಂಗಾವತಿ ಕುಷ್ಟಗಿಗಳು ಏಳು ವರ್ಷಗಳಲ್ಲಿ ಎರಡು ಸಲ ಒಡೆಯರನ್ನು ಬದಲಿಸಿದವು. ಎರಡೂ ಸಲ ಅಲ್ಲಿಯ ಒಬ್ಬ ರೈತನನ್ನೂ ಯಾರೂ ಕೇಳಲಿಲ್ಲ.

ಎರಡನೆಯ ದೋಷವು ನಮ್ಮ ಮನೆಯ ಅಂಗಳಕ್ಕೇ ಸಂಬಂಧಿಸಿದ್ದು. ಸಂಸ್ಥಾನದ ನೆಲವೆಲ್ಲವೂ ದಿವಾನೀ ಬೊಕ್ಕಸಕ್ಕೆ ಸೇರಿರಲಿಲ್ಲ. ಸರ್ಫೇಖಾಸವೆಂದು ನಿಜಾಮರ ಸ್ವಂತಕ್ಕೆ ಒಂದು ಪಾಲು. ಜಾಗೀರುಗಳೆಂದು ಸರದಾರರಿಗೆ ಸುಮಾರು ಮೂರರಲ್ಲೊಂದು ಪಾಲು. ಇಜಾರದಾರನನ್ನು ಓಡಿಸಿದ ದಿವಾನರು ಜಾಗೀರುದಾರನನ್ನು ಮುಟ್ಟಲಿಲ್ಲ. ಸ್ವತಃ ತಾವೇ ದೊಡ್ಡ ಜಾಗೀರುದಾರರಾಗಿದ್ದರು. ಅವರ ಮೊಮ್ಮಗನ ಕಾಲದಲ್ಲಿ ಆ ಮನೆತನದ ಭೂಮಿಯು 1486 ಚದರ ಮೈಲಿಗಳೆಂದು ಎಣಿಕೆಯಾಗಿದೆ. ಕುಷ್ಟಗಿಯೂ ಗಂಗಾವತಿಯೂ ಆಗಿನ ಲಿಂಗಸೂಗೂರು ಜಿಲ್ಲೆಯ ದಿವಾನೀ ತಾಲೂಕುಗಳು. ಕೊಪ್ಪಳವೂ ಯಲಬುರ್ಗಾವೂ ಜಾಗೀರು. ಕುಷ್ಟಗಿಯ ಗಡಿಯ ಹೊಲದವನ ಕಂದಾಯವು ಸರಕಾರಿ ಖಜಾನೆಗೆ ಹೋದರೆ, ಬದುವಿನಾಚೆಯ ಯಲಬುರ್ಗಾದವನ ಕಂದಾಯವು ನವಾಬರ ಖಜಾನೆಗೆ ಹೋಗುತ್ತಿದ್ದಿತು. ಮಳೆ ಇಬ್ಬರಿಗೂ ಒಂದೇ, ಜೋಳ ಒಂದೇ, ಬೆವರು ಒಂದೇ. ಆದರೆ ಜಾಗೀರಿನಲ್ಲಿ ಶಾಲೆಯನ್ನು ತೆರೆಯುವದೂ ಬಿಡುವದೂ, ಕೆರೆಯನ್ನು ಕಟ್ಟಿಸುವದೂ ಬಿಡುವದೂ ಒಡೆಯನ ಚಿತ್ತಕ್ಕೆ ಸೇರಿದ್ದು. ಒಡೆಯನು ಒಳ್ಳೆಯವನಾದರೆ ಅದು ಪ್ರಜೆಯ ಅದೃಷ್ಟವೇ ಹೊರತು ಹಕ್ಕಲ್ಲ.

1876ನೆಯ ವರ್ಷವು ಈ ಮಾತನ್ನು ಕಣ್ಣಿಗೆ ಕಟ್ಟುವಂತೆ ಮಾಡುವದು. ವರ್ಹಾಡದ ಬೇಡಿಕೆಯನ್ನು ಇಂಗ್ಲಂಡದಲ್ಲಿ ಮಂಡಿಸಲು ಸಾಲಾರಜಂಗರು ಆ ವರ್ಷ ವಿಲಾಯತಿಗೆ ತೆರಳಿದರು. ದಾರಿಯಲ್ಲಿ ಪ್ಯಾರಿಸಿನಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ಆ ನೋವಿನಲ್ಲಿಯೂ ಲಂಡನ್ ಸೇರಿ ಮಾನಸನ್ಮಾನಗಳನ್ನು ಪಡೆದರು. ಆಕ್ಸಫರ್ಡ ವಿಶ್ವವಿದ್ಯಾಲಯವು ಗೌರವ ಪದವಿಯನ್ನಿತ್ತಿತು. ವರ್ಹಾಡ ಮಾತ್ರ ಸಿಗಲಿಲ್ಲ. ಅದೇ ಪ್ರವಾಸದಲ್ಲಿ ರೋಮಿನಲ್ಲಿ ಅವರು ಕೊಂಡ ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮೂರ್ತಿಯು ಇಂದಿಗೂ ಹೈದರಾಬಾದಿನ ಸಾಲಾರಜಂಗ ವಸ್ತುಸಂಗ್ರಹಾಲಯದಲ್ಲಿ ಪ್ರೇಕ್ಷಕರನ್ನು ನಿಲ್ಲಿಸುತ್ತಿದೆ. ಮತ್ತು ಅದೇ ಧಾತು ಸಂವತ್ಸರದಲ್ಲಿ ನಮ್ಮ ಸೀಮೆಯ ಮಳೆಯು ಕೈಕೊಟ್ಟಿತು. 1876ರಿಂದ 1878ರ ವರೆಗಿನ ಆ ಘೋರ ಬರವು ರಾಯಚೂರು, ಲಿಂಗಸೂಗೂರು ಜಿಲ್ಲೆಗಳನ್ನೂ ತುಂಗಭದ್ರೆಯ ಆಚೆಯ ಬಳ್ಳಾರಿಯನ್ನೂ ಹುರಿದು ಹಾಕಿತು. ರಾಯಚೂರಿಗೆ 1871ರಲ್ಲಿಯೇ ರೈಲು ಬಂದಿದ್ದಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಿಗೆ ಬಂದಿರಲಿಲ್ಲ. ಕಾಳು ಬಂದಿಳಿದ ನಿಲ್ದಾಣಕ್ಕೂ ಹಸಿದ ಬಾಯಿಗೂ ನಡುವೆ ಎತ್ತುಗಳೇ ಸತ್ತ ಹಾದಿಯಿದ್ದಿತು. ಕೊಪ್ಪಳವನ್ನು ಹಾಯುವ ರೈಲುಮಾರ್ಗವು ಬಂದದ್ದು ಬರ ತೀರಿದ ಬಳಿಕ, 1880ರ ದಶಕದಲ್ಲಿ. ಅಮೃತಶಿಲೆಯ ಆ ಮೂರ್ತಿಯ ಬೆಲೆಯಲ್ಲಿ ಕೊಪ್ಪಳದ ಹೊಲದ ರೂಪಾಯಿ ಎಷ್ಟಿದ್ದಿತೆಂದು ಯಾರೂ ಲೆಕ್ಕವಿಟ್ಟಿಲ್ಲ. ಲೆಕ್ಕ ಕೇಳುವ ಬಾಯಿಯೇ ಆಗ ಇರಲಿಲ್ಲವೆಂಬದು ನಮ್ಮ ಆಕ್ಷೇಪ. ಕಲೆಯನ್ನು ಪ್ರೀತಿಸಿದ ದೊಡ್ಡ ಮನುಷ್ಯನನ್ನು ಹೀಗಳೆಯುವದು ನಮ್ಮ ಉದ್ದೇಶವಲ್ಲ.

1883ರ ಫೆಬ್ರುವರಿ 8ರಂದು ಸಾಲಾರಜಂಗರು ಕಾಲರಾ ಬೇನೆಯಿಂದ ಹಠಾತ್ತನೆ ತೀರಿಕೊಂಡರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಮೂವತ್ತು ವರ್ಷಗಳ ದಿವಾನಗಿರಿಯಲ್ಲಿ ಅವರು ಬೊಕ್ಕಸವನ್ನು ಕಟ್ಟಿದರು. ಬೊಕ್ಕಸದ ಬೀಗದ ಕೈಯಲ್ಲಿ ಪ್ರಜೆಗೆ ಪಾಲನ್ನು ಕೊಡಲಿಲ್ಲ. ಕಚೇರಿಯ ಭಾಷೆಯು ಅವರ ಕಾಲದುದ್ದಕ್ಕೂ ಪಾರಸಿಯಾಗಿದ್ದಿತು. ತಾನು ತೆತ್ತದ್ದರ ಲೆಕ್ಕವನ್ನು ಕಾಗದದ ಮೇಲೆ ಕಂಡರೂ ಕನ್ನಡದ ರೈತನು ಅದನ್ನು ಓದಲಾರನು. ಆದರೆ ಕಟ್ಟಿದ ಬೊಕ್ಕಸವೇ ಪ್ರಶ್ನೆಯನ್ನು ಹುಟ್ಟಿಸಿತೆಂಬದು ಚರಿತ್ರೆಯ ಚಮತ್ಕಾರ. ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ, ಚಾಂದಾ ರೈಲಿನ ಯೋಜನೆಗಾಗಿ ಸಂಸ್ಥಾನದ ಹಣವನ್ನು ಯಾವ ಷರತ್ತುಗಳ ಮೇಲೆ ಹೊಣೆಗೊಡುವರೆಂದು ಹೈದರಾಬಾದಿನ ನಾಗರಿಕರು ಬಹಿರಂಗವಾಗಿ ಕೇಳಿದರು. ಅದರಲ್ಲಿ ಮುಂದಾಳಾದ ಅಘೋರನಾಥ ಚಟ್ಟೋಪಾಧ್ಯಾಯರನ್ನು, ಶ್ರೀಮತಿ ಸರೋಜಿನಿ ನಾಯಡು ಅವರ ತಂದೆಯವರನ್ನು, ಸರಕಾರವು ಗಡಿಪಾರು ಮಾಡಿತು. ಪ್ರಜೆಯ ಹಣದ ಲೆಕ್ಕವನ್ನು ಕೇಳಿದ್ದೇ ಅಪರಾಧವಾಯಿತು. ಆ ಮೇಲೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವು ಬಂದು, ರಸ್ತೆ ಶಾಲೆಗಳಿಗಾಗಿ ತಾಲೂಕು ಮಂಡಲಗಳು ಹುಟ್ಟಿದವು. ಒಂದಾಣೆಯನ್ನು ರೈತನು ಕೊಟ್ಟನು. ಮಂಡಲದಲ್ಲಿ ಮಾತ್ರ ಅಧಿಕಾರಿಗಳ ಮಾತೇ ಮೇಲಾಗಿದ್ದಿತು.

ಉಳಿದ ಅರ್ಧ ಕೆಲಸವನ್ನು ಜನರೇ ಮಾಡಬೇಕಾಯಿತು. 1948ರ ಸಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾಗಿ, ಕೊಪ್ಪಳ ಯಲಬುರ್ಗಾಗಳ ಕಂದಾಯವು ಕೊನೆಗೂ ಸಾರ್ವಜನಿಕ ಬೊಕ್ಕಸವನ್ನು ಕಂಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 265ನೆಯ ವಿಧಿಯು, ಶಾಸನದ ಅಧಿಕಾರವಿಲ್ಲದೆ ಯಾವ ಕರವನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು ಗೊತ್ತುಪಡಿಸಿತು. ಶಾಸನವನ್ನು ಮಾಡುವವರು ನಮ್ಮ ಮತದಿಂದ ಆರಿಸಿ ಬಂದವರು. 1952ರಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದರು. ಮರುವರ್ಷ ಪೂರ್ಣಗೊಂಡ ತುಂಗಭದ್ರೆಯ ಆಣೆಕಟ್ಟಿನ ಎಡದಂಡೆಯ ಕಾಲುವೆಯು ಗಂಗಾವತಿಯನ್ನು ಭತ್ತದ ಕಣಜವಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯು ಮಳೆಯನ್ನೇ ನೆಚ್ಚಿ ಉಳಿಯಿತು. ಈ ಹಿಂದುಳಿದಿರುವಿಕೆಯನ್ನು ಎಣಿಸಲು ನೇಮಕವಾದ ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಪಟ್ಟಿ ಮಾಡಿತು. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ 371ಜೆ ವಿಧಿಯು ಬಂದು, ಹಳೆಯ ಹೈದರಾಬಾದ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯು ದೊರೆಯಿತು.

ಹಾಗಾದರೆ ಮತವು ಬಂದಿತು, ಹಣವೂ ಬಂದಿತು, ಇನ್ನೇನು ಬೇಕೆಂದು ಕೇಳುವವರಿದ್ದಾರೆ. ಮತವೊಂದರಿಂದಲೇ ಸಾರ್ವಜನಿಕ ಕೆಲಸಗಳು ಬದುಕುವವೆಂಬದಕ್ಕೆ ಲೋಕದ ಅನುಭವವು ಸಾಕ್ಷಿಯಲ್ಲ. ಅಮೇರಿಕದ ಕೆಲವು ಸಂಸ್ಥಾನಗಳಲ್ಲಿ ಕರದ ಪ್ರಶ್ನೆಯನ್ನೇ ನೇರವಾಗಿ ಮತಕ್ಕೆ ಹಾಕುವ ಪದ್ಧತಿಯಿದೆ. 1978ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಹದಿಮೂರನೆಯ ಸೂಚನೆಯೆಂಬದನ್ನು ಅಂಗೀಕರಿಸಿ, ಮನೆ ನಿವೇಶನಗಳ ಕರವು ನಿರ್ಧರಿತ ಬೆಲೆಯ ನೂರಕ್ಕೆ ಒಂದನ್ನು ಮೀರಕೂಡದೆಂದು ಕಟ್ಟುಮಾಡಿದರು. ಆ ಕರದ ಉತ್ಪನ್ನವು ಒಮ್ಮೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಮನೆಯ ಯಜಮಾನನಿಗೆ ಹಗುರವಾಯಿತು. ಶಾಲೆ ಗ್ರಂಥಾಲಯಗಳು ತಮ್ಮ ಊರ ಕರವನ್ನು ಬಿಟ್ಟು ಸಂಸ್ಥಾನ ಸರಕಾರದ ಕೈಯನ್ನು ನೋಡಬೇಕಾಯಿತು. ಸಾಲಾರಜಂಗರ ಹೈದರಾಬಾದಿನಲ್ಲಿ ಕರವಿದ್ದಿತು, ಮತವಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಮತವಿದ್ದಿತು, ಅದು ಕರವನ್ನು ಇಳಿಸಿತು, ಶಾಲೆಯ ಖರ್ಚನ್ನು ಇಳಿಸಲಿಲ್ಲ. ಕರ, ಕೆಲಸ, ಲೆಕ್ಕ ಈ ಮೂರನ್ನೂ ಒಟ್ಟಿಗೆ ನೋಡುವ ಪ್ರಜೆಯಿಲ್ಲದೆ ಎರಡು ಪದ್ಧತಿಗಳೂ ಕುಂಟುವವು.

ನಮ್ಮ ಊರುಗಳಲ್ಲಿ ನಾವು ಕಾಣುವದೇನು? ಮನೆಪಟ್ಟಿಯನ್ನು ವರ್ಷಗಟ್ಟಲೆ ಬಾಕಿಯಿಟ್ಟವರೇ ಬೀದಿಯ ದೀಪವಿಲ್ಲವೆಂದು ಮೊದಲು ಕೂಗುವರು. ಪಟ್ಟಿಯನ್ನು ತಪ್ಪದೆ ಕಟ್ಟಿದವರು ರಸೀದಿಯನ್ನು ಪೆಟ್ಟಿಗೆಯಲ್ಲಿಟ್ಟು, ತಮ್ಮ ಕರ್ತವ್ಯವು ಮುಗಿಯಿತೆಂದು ಮಲಗುವರು. ಮತದ ದಿನ ಜಾತಿಯನ್ನೂ ನೆಂಟಸ್ತನವನ್ನೂ ಕೇಳುವ ನಾವು, ಕಳೆದ ಐದು ವರ್ಷಗಳ ಜಮಾಖರ್ಚನ್ನು ಅಭ್ಯರ್ಥಿಯಿಂದ ಕೇಳುವದಿಲ್ಲ. ಸಾಲಾರಜಂಗರು ಓಡಿಸಿದ ಇಜಾರದಾರನು ಬೇರೆ ವೇಷದಲ್ಲಿ ಗುತ್ತಿಗೆಯ ಕಾಗದವನ್ನು ಹಿಡಿದು ಮರಳಿ ಬಂದರೂ ಗುರುತಿಸುವವರಿಲ್ಲ.

ಜಮಾಬಂದಿ ಎಂಬ ಶಬ್ದವು ಆ ಕಾಲದ ಕಂದಾಯದ ಕಚೇರಿಯದು. ರೈತನು ಎಷ್ಟು ತೆರಬೇಕೆಂಬದನ್ನು ಅಧಿಕಾರಿಯು ಗೊತ್ತುಪಡಿಸುವದಕ್ಕೆ ಆಗ ಆ ಹೆಸರಿದ್ದಿತು. ಇಂದು ಕರ್ನಾಟಕದ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕೆಂದು ನಿಯಮವಿದೆ. ಈಗ ಅದರ ಅರ್ಥವು ತಿರುಗಿದೆ. ಪಂಚಾಯತಿಯು ಎಷ್ಟು ಪಡೆಯಿತು, ಎಷ್ಟು ಖರ್ಚು ಮಾಡಿತು, ಕೆಲಸವು ಸ್ಥಳದಲ್ಲಿ ಇದೆಯೋ ಇಲ್ಲವೋ ಎಂಬದನ್ನು ಊರವರ ಎದುರಿನಲ್ಲಿ ಪರೀಕ್ಷಿಸುವದಕ್ಕೆ ಆ ಹೆಸರು ಬಂದಿದೆ. ಲೆಕ್ಕವು ಕನ್ನಡದಲ್ಲಿದೆ, ಓದಬಲ್ಲವರು ಊರೂರಿನಲ್ಲಿದ್ದಾರೆ, ಕೇಳಿದವರನ್ನು ಗಡಿಪಾರು ಮಾಡುವ ನಿಜಾಮರ ಸರಕಾರವಿಲ್ಲ. ನಮ್ಮ ನಾಲ್ಕು ತಾಲೂಕುಗಳ ವಿದ್ಯಾವಂತರೂ ನಿವೃತ್ತ ಅಧಿಕಾರಿಗಳೂ ಈ ವರ್ಷದ ಜಮಾಬಂದಿಗೆ ತಮ್ಮ ತಮ್ಮ ಊರುಗಳಲ್ಲಿ ಹೋಗಿ ಕುಳಿತು, ಜಮೆಯ ಪುಟವನ್ನೂ ಖರ್ಚಿನ ಪುಟವನ್ನೂ ಗಟ್ಟಿಯಾಗಿ ಓದಿಸಿ ಕೇಳಬೇಕೆಂದು ನಾವು ಬಿನ್ನವಿಸುತ್ತೇವೆ.